ಗೋಡೆಯಿಂದ ಒಂದು ಗೇಣು

ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಅಕ್ಕ, ನಾನು, ತಮ್ಮ ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅಕ್ಕನಿಗೆ ಹನ್ನೆರಡು, ನನಗೆ ಒಂಬತ್ತು, ತಮ್ಮನಿಗೆ ಐದು. ಆ ಮಾರ್ಗಶಿರದಲ್ಲಿ ಅಮ್ಮ ಹೆತ್ತು ಏಳು ದಿನವಾಗಿತ್ತು. ಪಕ್ಕದ ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಊರಲ್ಲಿ ಪ್ಲೇಗಿನ ಮಾತು ಮತ್ತೆ ಶುರುವಾಗಿತ್ತು. ಮನೆಯಲ್ಲಿ ಇಲಿ ಸತ್ತರೆ ಸರ್ಕಾರದವರಿಗೆ ತಿಳಿಸಬೇಕು, ತಿಳಿಸಿದರೆ ಮನೆ ಖಾಲಿ ಮಾಡಿ ಊರಾಚೆಯ ಶೆಡ್ಡಿಗೆ ಹೋಗಬೇಕು. ಇದು ಮಕ್ಕಳಿಗೂ ಗೊತ್ತಿತ್ತು. ಹಿಂದಿನ ವರ್ಷ ಎದುರು ಮನೆಯವರು ಹೋಗಿದ್ದರು. ಅವರ ಹಸುಗೂಸು ಅಲ್ಲಿನ ಚಳಿ ತಡೆಯಲಿಲ್ಲ.

ನಾಮಕರಣವಾದ ಮೇಲೆ ತೊಟ್ಟಿಲು ನಮ್ಮ ಕೋಣೆಗೆ ಬರುವುದಿತ್ತು. ಕಚೇರಿಗೆ ಹೊರಟ ಅಪ್ಪ ಅಕ್ಕನ ಕೈಗೆ ಸ್ಲೇಟು ಕೊಟ್ಟರು.

"ಎಲ್ಲಿ ಏನಿಡ್ಬೇಕು ಅಂತ ನೀವೇ ಯೋಚ್ನೆ ಮಾಡಿ. ನಾನು ಬಾಯಿ ಹಾಕೋಲ್ಲ. ಸಂಜೆ ಬಂದು ನೋಡ್ತೀನಿ."

ನಾವು ಗೇಣಿನಲ್ಲಿ ಅಳೆದೆವು. ಕಿಟಕಿಯ ಗೋಡೆ ನನ್ನ ಕೈಗೆ ಹದಿನೆಂಟು ಗೇಣು ಬಂತು, ಅಕ್ಕನ ಕೈಗೆ ಹದಿನೈದು. ತಮ್ಮ ಇಪ್ಪತ್ತೆರಡು ಎಂದು ಹಟ ಹಿಡಿದ.

"ನಿಂದು ಇಲೀಮರಿ ಕೈ ಕಣೋ," ಎಂದಳು ಅಕ್ಕ. ಆಮೇಲೆ ತನ್ನ ಗೇಣಿನ ಅಳತೆಗೆ ಒಂದು ಕೋಲು ಮುರಿದಳು. "ಇನ್ಮೇಲೆ ಇದೇ ಗೇಣು. ಯಾರ ಕೈಯೂ ಲೆಕ್ಕಕ್ಕಿಲ್ಲ."

ಮಂಚಕ್ಕೆ, ಟ್ರಂಕಿಗೆ, ಅಕ್ಕಿ ಪೆಟ್ಟಿಗೆಗೆ ಒಂದೊಂದು ಕಾಗದದ ಚೂರು ಕತ್ತರಿಸಿ, ಸ್ಲೇಟಿನ ಮೇಲೆ ಸರಿಸಿ ಸರಿಸಿ ನೋಡಿದೆವು. ಹೇಗೆ ಇಟ್ಟರೂ ಒಂದೇ ಉತ್ತರ. ತೊಟ್ಟಿಲಿಗೆ ಬಿಸಿಲು ಬೇಕಾದರೆ ಕಿಟಕಿಯ ಕೆಳಗಿನ ಅಕ್ಕಿ ಪೆಟ್ಟಿಗೆ ಜಾಗ ಬಿಡಬೇಕು.

ನನಗೆ ಬುದ್ಧಿ ಬಂದಾಗಿನಿಂದ ಆ ಪೆಟ್ಟಿಗೆ ಅಲ್ಲಾಡಿರಲಿಲ್ಲ. ಮೂವರೂ ಬೆನ್ನು ಕೊಟ್ಟು ನೂಕಿದೆವು. ಒಂದು ಕೊನೆ ಗೋಡೆ ಬಿಟ್ಟಿತು. ತಮ್ಮ ಬಗ್ಗಿ ನೋಡಿದ.

"ಇಲಿ ಮಲ್ಗ್‌ಬುಟ್ಟಿದೆ ಕಣಕ್ಕ."

ವಾಸನೆ ಇರಲಿಲ್ಲ. ಇರುವೆ ಕೂಡ ಇನ್ನೂ ಬಂದಿರಲಿಲ್ಲ. ಅಕ್ಕ ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಹೇಳಿದ್ರೆ ಶೆಡ್ಡು," ಎಂದಳು, ಮೆಲ್ಲಗೆ. "ಎದುರು ಮನೆ ಪಾಪು ಏನಾಯ್ತು, ಗೊತ್ತಲ್ಲ?"

"ಹೇಳ್ದಿದ್ರೆ?" ಎಂದೆ ನಾನು.

ಅಕ್ಕ ಪೆಟ್ಟಿಗೆಗೆ ಬೆನ್ನು ಕೊಟ್ಟಳು. ಪೆಟ್ಟಿಗೆಯನ್ನು ಮೊದಲಿದ್ದ ಜಾಗಕ್ಕೇ ನೂಕಿದೆವು.

ಸುಮಾರು ಎರಡು ಗಂಟೆ ಹೊತ್ತು ಕಳೆದಿರಬೇಕು. ಮಗುವಿಗೆ ಎರೆಯಲು ಬರುತ್ತಿದ್ದ ಅಜ್ಜಿ ನೀರು ಹಾಕಿ ಮುಗಿಸಿ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ನಮ್ಮ ಕೋಣೆಗೆ ಬಂದರು. ದಿನವೂ ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತಿದ್ದರು.

"ಇವತ್ತು ಹಿತ್ಲಲ್ಲಿ ಗಾಳಿ ಜಾಸ್ತಿ ಕಣಮ್ಮ," ಎಂದು ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು. "ಇಲ್ಲೇ ಮಲಗಿಸ್ತೀನಿ."

ಬಿಸಿಲು ಬಿದ್ದಿದ್ದುದು ಪೆಟ್ಟಿಗೆಯ ಮುಂದೆ ಒಂದು ಪಟ್ಟಿಯಷ್ಟು. ಅಲ್ಲಿ ಹಳೆಯ ಸೀರೆ ಹಾಸಿ ಮಗುವನ್ನು ಮಲಗಿಸಿದರು. ನಮ್ಮ ಕಡೆ ತಿರುಗಿ, "ಏನು, ಮೂರು ಜನಾನೂ ಹಲ್ಲಿ ಹಂಗೆ ಗೋಡೆಗೆ ಅಂಟ್ಕೊಂಡಿದ್ದೀರಿ? ಪಾಪು ಜಾಗ ತಗೊಂಡ್ತು ಅಂತ ಹೊಟ್ಟೆಕಿಚ್ಚಾ?" ಎಂದು ನಕ್ಕರು.

ಮಗುವಿನ ಕಾಲಿಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು. ಕೋಲಿಡದೆ ನನ್ನ ಕಣ್ಣಿಗೇ ಗೊತ್ತಾಯಿತು. ಬೆಳಗಿನಿಂದ ನಾನು ಕಲಿತದ್ದು ಅದೇ. ತಮ್ಮ ನನ್ನ ಲಂಗ ಹಿಡಿದುಕೊಂಡಿದ್ದ.

ಅಕ್ಕ ಹೋಗಿ ಮಗುವನ್ನು ಎತ್ತಿಕೊಂಡುಬಿಟ್ಟಳು.

"ಯಾರು ಎತ್ಕೋ ಅಂದ್ರು ನಿನಗೆ? ಕತ್ತು ನಿಂತಿಲ್ಲ ಅದಕ್ಕೆ," ಎಂದರು ಅಜ್ಜಿ.

"ಪೆಟ್ಟಿಗೆ ಹಿಂದೆ ಇಲಿ ಸತ್ತಿದೆ. ಬೆಳಿಗ್ಗೆನೇ ನೋಡಿದ್ವಿ."

ಅಜ್ಜಿಯ ನಗು ನಿಂತಿತು. ಮಗುವನ್ನು ಇಸಿದುಕೊಂಡರು. "ಮೂರು ಜನಾನೂ ಹೊರಗೆ ನಡೀರಿ," ಎಂದರು.

ಅಪ್ಪನಿಗೆ ಹೇಳಿಕಳಿಸಿದರು. ಸಂಜೆಯೊಳಗೆ ನಾವು ಶೆಡ್ಡಿನಲ್ಲಿದ್ದೆವು. ಅಪ್ಪ ಬಯ್ಯಲಿಲ್ಲ. "ಎಷ್ಟು ಹೊತ್ತು ಸುಮ್ಮನಿದ್ರಿ?" ಎಂದು ಒಂದು ಸಲ ಕೇಳಿದರು. ಅಕ್ಕ ಹೇಳಿದಳು. ಅಷ್ಟೇ.

ತಗಡಿನ ಸಂದುಗಳಿಂದ ಗಾಳಿ ನುಗ್ಗುತ್ತಿತ್ತು. "ತೊಟ್ಟಿಲು ಎಲ್ಲಿ ಕಟ್ಟೋಣ?" ಎಂದರು ಅಪ್ಪ, ಅಕ್ಕನನ್ನೇ. ಅವಳು ಅಂಗೈ ಒದ್ದೆ ಮಾಡಿಕೊಂಡು ನಾಲ್ಕೂ ಗೋಡೆಗಳ ಉದ್ದಕ್ಕೆ ನಡೆದಳು. ಗಾಳಿ ಕಡಿಮೆ ಇದ್ದ ಮೂಲೆ ತೋರಿಸಿ, ಅದರ ಮುಂದೆ ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದಳು. ಹಾಗೆಯೇ ಮಾಡಿದರು.

ಪ್ರತಿ ಬೆಳಿಗ್ಗೆ ಎದ್ದೊಡನೆ ಅಕ್ಕ ಮಗುವಿನ ತೊಡೆಯ ಸಂದು ಮುಟ್ಟಿ ನೋಡುತ್ತಿದ್ದಳು. ಪ್ಲೇಗಿನ ಗಂಟು ಏಳುವುದು ಅಲ್ಲೇ ಎಂದು ಯಾರಿಂದಲೋ ಕೇಳಿದ್ದಳು. ಹತ್ತು ದಿನ ದಾಟಿದರೆ ಭಯವಿಲ್ಲ ಎನ್ನುತ್ತಿದ್ದರು. ಹತ್ತು ದಿನ ಮುಟ್ಟಿದಳು. ಹನ್ನೊಂದನೆಯ ದಿನವೂ ಮುಟ್ಟಿದಳು. ಗಂಟು ಏಳಲಿಲ್ಲ. ಚಳಿಯನ್ನೂ ಮಗು ತಡೆಯಿತು.

ಮನೆಗೆ ಮರಳಿದಾಗ ಮಾಘ ಬಂದಿತ್ತು. ಅಪ್ಪ ಮತ್ತೆ ಸ್ಲೇಟು ಕೊಟ್ಟರು. ಅಕ್ಕ ಹೊಸ ಕೋಲು ಮುರಿದು, ಮಂಚ, ಟ್ರಂಕು, ಪೆಟ್ಟಿಗೆ ಎಲ್ಲವನ್ನೂ ಗೋಡೆಯಿಂದ ಒಂದು ಗೇಣು ಈಚೆಗೆ ಇಡಿಸಿದಳು. ಓಡಾಡಲು ಜಾಗವೇ ಉಳಿಯಲಿಲ್ಲ.

"ಜಾಗ ಎಲ್ಲಾ ದಂಡ ಆಯ್ತಲ್ಲಕ್ಕ," ಎಂದ ತಮ್ಮ.

"ಹಿಂದೆ ಏನಿದೆ ಅಂತ ಕಾಣ್ಬೇಕು."

ಸಂಜೆ ಅಪ್ಪ ಬಂದರು. ಸ್ಲೇಟು ನೋಡಲಿಲ್ಲ. ದೀಪ ಹಿಡಿದು ಪೆಟ್ಟಿಗೆಯ ಹಿಂದೆ ಬಗ್ಗಿದರು, ಆಮೇಲೆ ಮಂಚದ ಹಿಂದೆ, ಟ್ರಂಕಿನ ಹಿಂದೆ. ದೀಪವನ್ನು ಅಕ್ಕನ ಕೈಗೆ ಕೊಟ್ಟು, ತೊಟ್ಟಿಲು ತರಲು ಹೋದರು.