ಉಪ್ಪು ಹಾಕಿದ ಸೋಡಾ

ಅಥಣಿ ಬಸ್ ನಿಲ್ದಾಣದ ಎದುರು ಸೋಡಾ ಗಾಡಿ ಕಂಡು ನಾನೇ ಮೊದಲು ಓಡಿದೆ. ದಪ್ಪ ಗಾಜಿನ ಬಾಟಲಿ, ಕೊರಳಲ್ಲಿ ಗೋಲಿ. ನಮ್ಮ ಮೈಸೂರಿನಲ್ಲಿ ಇದನ್ನು ನೋಡಿ ಎಷ್ಟು ಕಾಲವಾಯಿತೋ! “ಎರಡು ಗೋಲಿ ಸೋಡಾ ಕೊಡಿ,” ಎಂದೆ.

ಗಾಡಿಯವಳು ನಕ್ಕಳು. “ಗೋಟಿ ಸೋಡಾ ಅನ್ರಿ ಅಕ್ಕಾರ.” ಅಷ್ಟರಲ್ಲಿ ಹಿಂದೆ ಬಂದ ನನ್ನ ಗಂಡನನ್ನು ಕಂಡು ಅವಳ ಮುಖ ಅರಳಿತು. “ಅಯ್ಯ, ಐನಾಪುರ ಸಾಲ್ಯಾಗ ನಮ್ಮ ಹಿಂದ ಕುಂದರ್ತಿದ್ದಿ, ನೀನ ಹೌದಿಲ್ಲೋ? ಇನ್ನೂ ಸೋಡಾಕ್ಕ ಉಪ್ಪ ಹಾಕ್ಕೊಂಡ ಕುಡೀತಿಯೇನ?”

“ಉಪ್ಪಿಲ್ಲದ್ದ ಅದೆಂಥಾ ಸೋಡಾ ಬೇ! ಹಾಕ ಇನ್ನೊಂದ ಚಿಟಿಕಿ,” ಎಂದರು ಇವರು.

ನನ್ನ ಹೊಟ್ಟೆ ಉರಿದುಹೋಯಿತು. ಮದುವೆಯಾದಾಗಿನಿಂದ ಪ್ರತಿ ಬೇಸಿಗೆಯಲ್ಲೂ ಸಕ್ಕರೆ ಸುರಿದು ಶರಬತ್ತು ಮಾಡಿಕೊಟ್ಟಿದ್ದೇನೆ; ಒಂದು ದಿನವೂ ಉಪ್ಪು ಕೇಳಿದವರಲ್ಲ. ಅದಾದರೂ ಹೋಗಲಿ. ನನ್ನೊಡನೆ ಪಾಠದ ಪುಸ್ತಕದಂಥ ಕನ್ನಡ ಆಡುವ ಈ ಮನುಷ್ಯನ ಬಾಯಿಂದ ಸಲಿಗೆಯ ಆ ‘ಬೇ’ ನನಗೆ ಒಮ್ಮೆಯೂ ಸಿಕ್ಕಿಲ್ಲ.

ಅವಳು ಹೆಬ್ಬೆರಳಿನಿಂದ ಗೋಲಿ ಒತ್ತಿದಳು. ಬಾಟಲಿ ಕೀಚ್ ಎಂದಿತು. ಉಪ್ಪು ಬಿದ್ದ ಲೋಟ ಬುಸ್ಸೆಂದು ಉಕ್ಕಿ ಇವರ ಅಂಗಿಯ ತೋಳು ತೊಯ್ದಿತು. ಇಬ್ಬರೂ ಸಾಲಿ ಹುಡುಗರಂತೆ ನಕ್ಕರು. “ಅಕ್ಕಾರಿಗೆ ಬರೇ ಸಕ್ರಿ ಹಾಕೇನಿ,” ಎಂದು ಅವಳು ನನ್ನ ಲೋಟ ಮುಂದೆ ಹಿಡಿದಳು.

ಬಸ್ಸು ಹೊರಟ ಮೇಲೆ ಇವರು ಮತ್ತೆ ಮೈಸೂರಿನವರಾದರು. “ನಿನ್ನ ಸೋಡಾ ಹೇಗಿತ್ತು?” ಎಂದು ಮೆಲ್ಲಗೆ ಕೇಳಿದರು.

“ಉಪ್ಪು ಜಾಸ್ತಿ,” ಎಂದೆ.