ಕೋರ್ಟಿನಲ್ಲಿರುವ ನೌಕರಿಯ ವರ

ಸಹಕಾರನಗರದ ನಮ್ಮ ಪಕ್ಕದ ಮನೆ ಮಂಜುವನ್ನು ನೋಡಲು ಇವತ್ತು ಹೆಣ್ಣಿನ ಕಡೆಯವರು ಬಂದಿದ್ದರು ಕಣ್ರಪ್ಪಾ, ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ.

ನಾವಿಬ್ಬರೂ ಒಂದೇ ಮೀಸಲಾತಿ ವರ್ಗದಲ್ಲಿ ಸರ್ಕಾರಿ ಇಂಜಿನಿಯರ್ ಹುದ್ದೆಗೆ ಪರೀಕ್ಷೆ ಬರೆದವರು. ಅವನು ಆಯ್ಕೆಯಾದ, ನಾನಾಗಲಿಲ್ಲ. ಮೀಸಲಾತಿ ಹಂಚಿಕೆ ಸರಿಯಿಲ್ಲವೆಂದು ಯಾರೋ ಕೋರ್ಟಿಗೆ ಹೋಗಿ ನೇಮಕಾತಿಗೆ ತಡೆಯಾಜ್ಞೆ ತಂದರು. ಅಂದಿನಿಂದ ಅವನು ಮನೆಯಲ್ಲೇ ಇದ್ದಾನೆ. ನಾನು ದಿನಾ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡು ಕಂಪನಿಗೆ ಹೋಗುತ್ತೇನೆ.

ಬಂದವರಿಗೆ ಬಜ್ಜಿ ಹಂಚುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಅಂಕಲ್, ಇವ್ನಿಗಿನ್ನೂ ಆರ್ಡರೇ ಬಂದಿಲ್ಲ, ಕೇಸ್ ನಡೀತಿದೆ,” ಎಂದೆ.

ಹುಡುಗಿಯ ಅಪ್ಪ ನಕ್ಕರು. “ಗೊತ್ತು ಕಣಪ್ಪ. ಇವತ್ತಲ್ಲ ನಾಳೆ ಮುಗಿಯುತ್ತೆ. ನಿಂದೇನು ಕೆಲ್ಸ?”

“ಪ್ರೈವೇಟ್.”

“ಪಾಪ,” ಎಂದು ನನ್ನ ಕೈಗೇ ಒಂದು ಬಜ್ಜಿ ಇಟ್ಟರು.

ತಡೆಯಾಜ್ಞೆ ಇರುವುದು ಅವನ ನೌಕರಿಗೆ. ನಿಂತಿರುವುದು ಮಾತ್ರ ನನ್ನ ಮದುವೆ.