ಚಿತ್ರಸ್ಪರ್ಧೆಗೆ ಹೋದ ನಮ್ಮ ಭಂಗಾರ

ಕಳೆದ ವರ್ಷದ ಡಿಸೆಂಬರ್ ತಿಂಗಳು. ನನ್ನ ಮಗಳು ನಾಝಿಯಾ ಆಗ ಆರನೇ ತರಗತಿಯಲ್ಲಿದ್ದಳು. ಒಂದು ದಿನ ಶಾಲೆಯಿಂದ ಬಂದವಳೇ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ದಾದರಿನ ಒಂದು ಮೈದಾನದಲ್ಲಿ ಭಾನುವಾರ ಮಕ್ಕಳಿಗೆ ಕಲಾಸ್ಪರ್ಧೆ. ವಿಷಯ ‘ಸ್ವಚ್ಛ ಮುಂಬಯಿ’. ಬಣ್ಣ, ಬ್ರಷ್ ಬೇಡ. ಜನ ಬಿಸಾಡಿದ ಒಣ ಕಸದಿಂದಲೇ ಚಿತ್ರ ಮಾಡಬೇಕು. ಕಸವನ್ನು ಸ್ಪರ್ಧೆಯವರೇ ಕೊಡುತ್ತಾರೆ, ಮಕ್ಕಳು ಕತ್ತರಿ, ಗಮ್, ದಾರ ತಂದರೆ ಸಾಕು. ಓದಿ ನನಗೆ ನಗು ಬಂತು. ನಮ್ಮ ಮನೆಯ ಒಲೆ ಉರಿಯುವುದೇ ಆ ಕಸದಿಂದ.

ಸಯನ್‌ನಲ್ಲಿ ನಮ್ಮದು ಗುಜರಿ ಅಂಗಡಿ. ಇಲ್ಲಿ ಅದಕ್ಕೆ ಭಂಗಾರ್ ಎನ್ನುತ್ತಾರೆ. ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು, ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆ ಗೊತ್ತಾದಾಗ ಹುಡುಗನಿಗೆ ಮುಂಬಯಿಯಲ್ಲಿ ‘ಭಂಗಾರದ ಅಂಗಡಿ’ ಇದೆ ಎಂದು ಕೇಳಿ ನಮ್ಮ ಓಣಿಯ ಹೆಂಗಸರು ಚಿನ್ನದ ಅಂಗಡಿ ಎಂದೇ ತಿಳಿದು ನನ್ನ ನಸೀಬು ಹೊಗಳಿದ್ದರು. ಮನೆಯವರು ಟೆಂಪೊದಲ್ಲಿ ಮಾಲು ತರುತ್ತಾರೆ, ನಾನು ಕೂತು ಬೇರೆ ಬೇರೆ ಮಾಡುತ್ತೇನೆ. ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಸುಕಿದಾಗ ಬರುವ ಸದ್ದಿನಿಂದಲೇ ಅದು ಯಾವ ಜಾತಿಯದು ಎಂದು ಹೇಳಬಲ್ಲೆ.

ಆ ಭಾನುವಾರ ಸಯನ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದಾಗ ನಾಝಿಯಾ ನನ್ನ ದುಪಟ್ಟಾ ಎಳೆದಳು. ನಾವು ಮನೆಯಲ್ಲಿ ದಖನಿ ಉರ್ದು ಮಾತಾಡುತ್ತೇವೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಅಮ್ಮಿ, ಅಲ್ಲಿ ಯಾರ ಮುಂದೂ ಭಂಗಾರದ ಮಾತು ಎತ್ತಬ್ಯಾಡ,” ಎಂದಳು. ಶಾಲೆಯಲ್ಲಿ ಅಪ್ಪನದು ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಎಂದು ಹೇಳಿದ್ದಾಳಂತೆ. ಟೆಂಪೊ ಇದೆಯಲ್ಲ, ಪೂರ್ತಿ ಸುಳ್ಳೇನೂ ಅಲ್ಲ. ನಾನು ಕೂಡಲೇ ಆಯಿತು ಎಂದೆ.

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಚಾಪೆಗಳ ಮೇಲೆ ನೂರಕ್ಕೂ ಹೆಚ್ಚು ಮಕ್ಕಳು ಎದೆಗೆ ನಂಬರ್ ಚೀಟಿ ಸಿಕ್ಕಿಸಿಕೊಂಡು ಕೂತಿದ್ದರು. ನಾಝಿಯಾ ತನ್ನ ಗೆಳತಿ ತನ್ವಿಯ ಪಕ್ಕದಲ್ಲಿ ಜಾಗ ಹಿಡಿದಳು. ತನ್ವಿಯ ತಾಯಿ ಮಾಟುಂಗಾದವರು, ಆಫೀಸಿನಲ್ಲಿ ಕೆಲಸ ಮಾಡುವವರು. ನಾವಿಬ್ಬರೂ ಪಾಲಕರ ಕುರ್ಚಿಗಳಲ್ಲಿ ಕೂತೆವು. ಅವರು ಮಾತಾಡುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ.

ಹತ್ತು ಗಂಟೆಗೆ ಕಸದ ಮೂಟೆಗಳು ಬಂದವು. ಗೇಟಿನ ಹತ್ತಿರ ಇಳಿಸಿ ಮೊದಲನೆಯದನ್ನು ಬಿಚ್ಚಿದರು. ಬಿಚ್ಚಿದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಒಣ ಕಸವಲ್ಲ, ಊಟದ ಪೊಟ್ಟಣ, ಕೊಳೆತ ತರಕಾರಿ, ಒಡೆದ ಗಾಜು ಎಲ್ಲಾ ಸೇರಿದ ಹಸಿ ಕಸ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಯಾರೋ ಎಲ್ಲಿಯದೋ ಮೂಟೆ ತುಂಬಿ ಕಳಿಸಿದ್ದರು. ವಾಸನೆ ಶಾಮಿಯಾನದವರೆಗೂ ಬಂತು. ಇದನ್ನು ಮಕ್ಕಳ ಕೈಗೆ ಕೊಡುತ್ತೀರಾ ಎಂದು ಪಾಲಕರು ಎದ್ದು ಜಗಳಕ್ಕೆ ನಿಂತರು. ಕೆಲವರು ಮಕ್ಕಳನ್ನು ಎಬ್ಬಿಸತೊಡಗಿದರು.

ಸ್ಪರ್ಧೆ ನಡೆಸುತ್ತಿದ್ದ ಮೇಡಂ ನನ್ನ ಕುರ್ಚಿಯ ಹಿಂದೆಯೇ ಫೋನಿನಲ್ಲಿ ಮಾತಾಡುತ್ತಿದ್ದರು. ಮೈಸೂರು ಕಡೆಯ ಕನ್ನಡ. ಮೈದಾನ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ನಮ್ಮದು, ಬೇರೆ ಕಸ ತರಿಸಲು ಹೊತ್ತಿಲ್ಲ, ಕ್ಯಾನ್ಸಲ್ ಮಾಡಿ ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಕಳಿಸುತ್ತೇನೆ ಎನ್ನುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಶನಿವಾರವಷ್ಟೇ ಆರಿಸಿಟ್ಟ ಮಾಲು ಮೂಟೆಗಟ್ಟಲೆ ಬಿದ್ದಿತ್ತು. ಬಾಟಲಿ ಮುಚ್ಚಳ, ರಟ್ಟು, ವೈರು, ಡಬ್ಬಿ, ಹಳೆಯ ಸೀಡಿ, ಎಲ್ಲಾ ಒಣಗಿದ್ದು. ಒಂದು ಫೋನು ಸಾಕು. ಆದರೆ ಮಗಳಿಗೆ ಮಾತು ಕೊಟ್ಟು ಎರಡು ತಾಸೂ ಆಗಿರಲಿಲ್ಲ. ನಾಝಿಯಾ ಕತ್ತರಿ ಹಿಡಿದು ಹಾಗೇ ಕೂತಿದ್ದಳು. ಪಕ್ಕದಲ್ಲಿ ತನ್ವಿ ಅಳುವುದೊಂದು ಬಾಕಿ.

ಆಗ ನನಗೊಂದು ಉಪಾಯ ಹೊಳೆಯಿತು. ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ? ಮೇಡಂಗೆ ಕನ್ನಡದಲ್ಲೇ ಹೇಳಿದರಾಯಿತು, ಗುಟ್ಟು ಗುಟ್ಟಾಗಿಯೇ ಇರುತ್ತದೆ. ಎದ್ದು ಅವರ ಹತ್ತಿರ ಹೋದೆ.

“ಮೇಡಂ, ನಮ್ಮದು ಸಯನ್‌ದಾಗ ಭಂಗಾರ ಅಂಗಡಿ ಐತ್ರಿ. ಒಣಾ ಮಾಲು, ಆರಿಸಿ ಇಟ್ಟದ್ದು. ಹೂಂ ಅಂದ್ರ ಅರ್ಧಾ ತಾಸಿನ್ಯಾಗ ತರಸ್ತೀನ್ರಿ.”

ಅವರು ನನ್ನನ್ನೇ ನೋಡಿದರು. “ಮಕ್ಕಳು ಮುಟ್ಟೋ ಹಾಗಿರುತ್ತೇನಮ್ಮಾ?”

“ದಿನಾ ನಾನ ಮುಟ್ತೀನ್ರಿ. ನನ್ನ ಮಗಳು ನಾಝಿಯಾ ಇಲ್ಲೇ ಕುಂತಾಳ, ಅದರಾಗ ಆಡಿ ಬೆಳದಾಳ್ರಿ.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಮನೆಯವರಿಗೆ ಫೋನ್ ಮಾಡಿದೆ. ಸ್ಪರ್ಧೆಗೆ ಭಂಗಾರ ಬೇಕು ಎಂದರೆ ಅವರು ತಮಾಷೆ ಎಂದುಕೊಂಡು ನಕ್ಕರು. ನನ್ನ ದನಿ ಕೇಳಿ ನಗು ನಿಲ್ಲಿಸಿ, ಹೊರಟೆ ಎಂದರು. ಫೋನ್ ಇಟ್ಟು ತಿರುಗಿದರೆ ಮೇಡಂ ಆಗಲೇ ಮೈಕಿನ ಮುಂದೆ ನಿಂತಿದ್ದರು. ಹಿಂದಿಯಲ್ಲಿ, ಇಡೀ ಮೈದಾನಕ್ಕೆ ಕೇಳುವಂತೆ, ಯಾರೂ ಹೋಗಬೇಡಿ, ನಾಝಿಯಾಳ ತಾಯಿ ತಮ್ಮ ಭಂಗಾರದ ಅಂಗಡಿಯಿಂದ ಸಾಮಾನು ತರಿಸುತ್ತಿದ್ದಾರೆ ಎಂದು ಹೇಳಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ನಾಝಿಯಾ ತಲೆ ತಗ್ಗಿಸಿ ಚಾಪೆಯ ಅಂಚನ್ನು ಉಗುರಿನಿಂದ ಕೀಳುತ್ತಿದ್ದಳು. ತನ್ವಿ ಅವಳಿಗೆ ಏನೋ ಕೇಳಿದಳು. ಅವಳು ಚಾಪೆಯ ಇನ್ನೊಂದು ಎಳೆ ಕಿತ್ತಳು.

ಅರ್ಧ ತಾಸು ಆಯಿತು, ಟೆಂಪೊ ಇಲ್ಲ. ಮೇಡಂ ಗಡಿಯಾರ ನೋಡುವುದು, ನಾನು ಗೇಟು ನೋಡುವುದು. ಹತ್ತು ಮುಕ್ಕಾಲಿಗೆ ಮನೆಯವರ ಫೋನ್ ಬಂತು. ಹೂವಿನ ಮಾರ್ಕೆಟ್ಟಿನ ಗದ್ದಲದಲ್ಲಿ ಪೊಲೀಸರು ಟೆಂಪೊವನ್ನು ಗಲ್ಲಿಯೊಳಗೆ ಬಿಡುತ್ತಿಲ್ಲ, ದೊಡ್ಡ ರಸ್ತೆಯಲ್ಲೇ ನಿಂತಿದ್ದೇನೆ, ಹದಿನಾರು ಮೂಟೆ ಇವೆ, ಒಬ್ಬನೇ ಹೇಗೆ ತರಲಿ ಎಂದರು.

ನಾನು ಓಡಿದೆ. ಚಪ್ಪಲಿ ಸದ್ದು ಕೇಳಿ ತಿರುಗಿದರೆ ತನ್ವಿಯ ತಾಯಿ. ಅವರ ಹಿಂದೆ ಮೇಡಂ, ಅವರ ಹಿಂದೆ ಇನ್ನೂ ಹತ್ತಿಪ್ಪತ್ತು ಪಾಲಕರು. ಭಾನುವಾರದ ಬಟ್ಟೆ ಹಾಕಿಕೊಂಡ ಆ ಜನ ಹೂವಿನ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ಭಂಗಾರದ ಮೂಟೆ ಹೊತ್ತು ನಡೆದದ್ದನ್ನು ನೀವು ನೋಡಬೇಕಿತ್ತು. ತನ್ವಿಯ ತಾಯಿ ಮೊದಲು ಮೂಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ಆಗಲಿಲ್ಲ. ಆಮೇಲೆ ನನ್ನಂತೆಯೇ ತಲೆಯ ಮೇಲೆ ಇಟ್ಟುಕೊಂಡರು. ಹೂವಿನವರು ಚೌಕಾಸಿ ಬಿಟ್ಟು ನಮ್ಮನ್ನೇ ನೋಡಿದರು. ಒಬ್ಬಾಕೆ ಮರಾಠಿಯಲ್ಲಿ ಇದೇನು ಮೆರವಣಿಗೆ ಎಂದು ಕೇಳಿದಾಗ ತನ್ವಿಯ ತಾಯಿ ನಗು ತಡೆಯಲಾರದೆ ಮೂಟೆ ಇಳಿಸಿ ನಿಂತುಬಿಟ್ಟರು.

ಮೈದಾನದ ನಡುವೆ ಮೂಟೆ ಸುರಿದದ್ದೇ ತಡ, ಮಕ್ಕಳು ಜೇನುಹುಳುಗಳಂತೆ ಮುತ್ತಿದರು. ಕೆಂಪು, ಹಳದಿ ಮುಚ್ಚಳಗಳ ರಾಶಿಗೆ ಕೈ ಹಾಕಿ ಕೂಗಾಡಿದರು. ಆದರೆ ಐದೇ ನಿಮಿಷದಲ್ಲಿ ದೂರು ಶುರುವಾಯಿತು. ಅಂಟುತ್ತಿಲ್ಲ, ಮುರಿಯಿತು, ಬಗ್ಗುತ್ತಿಲ್ಲ. ನಾನು ಹೋಗಲೇ ಬೇಡವೇ ಎಂದು ಯೋಚಿಸುತ್ತಿದ್ದಾಗ ನಾಝಿಯಾ ಎದ್ದು ನಿಂತಳು. ತನ್ವಿಯ ಕೈಯಿಂದ ಒಂದು ಡಬ್ಬಿ ತೆಗೆದುಕೊಂಡು, ಹಿಸುಕಿ ಸದ್ದು ಕೇಳಿ, ಇದಕ್ಕೆ ಗಮ್ ಹಿಡಿಯುವುದಿಲ್ಲ, ತೂತು ಮಾಡಿ ವೈರಿನಿಂದ ಕಟ್ಟು ಎಂದಳು. ಹಿಂದಿನ ಸಾಲಿನ ಹುಡುಗ ತನ್ನದನ್ನು ಮುಂದೆ ಚಾಚಿದ. ಅದನ್ನೂ ಹಿಸುಕಿ ನೋಡಿದಳು. ಆಮೇಲೆ ಅವಳನ್ನು ಕೂರಲು ಯಾರೂ ಬಿಡಲಿಲ್ಲ. ಈ ಚಾಪೆಯಿಂದ ಕರೆ, ಆ ಚಾಪೆಯಿಂದ ಕರೆ. ನನ್ನ ಮಗಳು ಕತ್ತರಿ ಹಿಡಿದು ಓಡಾಡುತ್ತಿದ್ದರೆ ಮನೆಯವರು ಗೇಟಿನಲ್ಲಿ ಬೆವರು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದರು.

ತನ್ನ ಚಿತ್ರಕ್ಕೆ ಅವಳು ಕೂತಾಗ ಇಪ್ಪತ್ತು ನಿಮಿಷ ಉಳಿದಿತ್ತು. ರಟ್ಟಿನ ಮೇಲೆ ಒಂದು ಟೆಂಪೊ ಮಾಡಿದಳು. ಹಿಂದೆ ಬಣ್ಣಬಣ್ಣದ ಮುಚ್ಚಳಗಳ ಮಾಲು, ಮುಂದೆ ಸೀಡಿಯ ಗಾಜು. ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿದರು. ತೀರ್ಪುಗಾರರು ಬಂದಾಗ ಆ ಟೆಂಪೊಗೆ ಒಂದೇ ಚಕ್ರ ಇತ್ತು. ಬಹುಮಾನ ಬರಲಿಲ್ಲ. ಎರಡನೇ ಬಹುಮಾನ ತನ್ವಿಯ ಮೀನಿಗೆ ಬಂತು. ವೈರಿನಿಂದ ಕಟ್ಟಿದ ಮೀನು ಅದು.

ವಾಪಸು ಬರುವಾಗ ಮೂವರೂ ಟೆಂಪೊದ ಮುಂದಿನ ಸೀಟಿನಲ್ಲಿ ಕೂತೆವು. ಮಾತು ತಪ್ಪಿದೆ ಮಗಳೇ, ಕನ್ನಡದಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ ಎಂದೆ. ಅವಳು, “ಅಬ್ಬಾ, ಕರೀ ಮುಚ್ಚಳದ ಮೂಟೆ ಯಾಕ ತರಲಿಲ್ಲ? ಚಕ್ರಕ್ಕ ಬೇಕಿತ್ತು,” ಎಂದು ಅಪ್ಪನ ಮೇಲೆ ಸಿಟ್ಟಾದಳು. ಮನೆಯವರು ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ಟ್ಯಾಕ್ಸಿಯವನು ತಿರುಗಿ ನೋಡಿದ.

ಅದಾಗಿ ಎರಡು ದಿನಕ್ಕೆ, ಸಂಜೆ ನಾನು ಮಾಲು ಆರಿಸುತ್ತಾ ಕೂತಿದ್ದಾಗ ನಾಝಿಯಾ ತನ್ವಿಯನ್ನೂ ಇನ್ನಿಬ್ಬರು ಹುಡುಗಿಯರನ್ನೂ ಕರೆದುಕೊಂಡು ಅಂಗಡಿಗೆ ಬಂದಳು. ಯೂನಿಫಾರ್ಮಿನ ಮಕ್ಕಳನ್ನು ಕಂಡು ನನಗೆ ಗಾಬರಿಯಾಯಿತು. ಕೈಯೆಲ್ಲಾ ಧೂಳು, ಸುತ್ತ ರಾಶಿ. ಮಾಲಿನ ಮೇಲೆ ತಾಡಪಾಲು ಎಳೆದು ಏಳಲು ಹೋದೆ. ಮಗಳಷ್ಟೇ ನಾಚಿಕೆ ಪಡುತ್ತಾಳೆ ಎಂದು ಇಷ್ಟು ದಿನ ತಿಳಿದಿದ್ದೆ. ನಾಚಿಕೆ ನನ್ನೊಳಗೂ ಅಷ್ಟೇ ಇತ್ತು ಎಂದು ಆ ಕ್ಷಣ ಗೊತ್ತಾಯಿತು. ಸ್ಟೇಷನ್ನಿನಲ್ಲಿ ಅಷ್ಟು ಬೇಗ ‘ಆಯಿತು’ ಎಂದದ್ದು ಅದಕ್ಕೇ.

ನಾಝಿಯಾ ನನ್ನ ಭುಜ ಒತ್ತಿ ಕೂರಿಸಿದಳು.

“ಏಳಬ್ಯಾಡ ಅಮ್ಮಿ. ನೀ ಕೆಲಸ ಮಾಡೂದು ನೋಡಾಕ ಬಂದಾರ.”

ನಾನು ತಾಡಪಾಲು ಸರಿಸಿದೆ. ಹುಡುಗಿಯರು ನನ್ನ ಸುತ್ತ ಕುಕ್ಕರಗಾಲಲ್ಲಿ ಕೂತರು. ನಾಲ್ಕು ಜೊತೆ ಕಣ್ಣು ನನ್ನ ಕೈಯ ಮೇಲೆ. ನಾನೊಂದು ಡಬ್ಬಿ ತೆಗೆದು, ಹಿಸುಕಿ ಸದ್ದು ಕೇಳಿಸಿ, ತನ್ವಿಯ ಕೈಗೆ ಕೊಟ್ಟೆ.